ಗೊತ್ತಾಗುತ್ತಾ ಎಂದು ಕೇಳಿದ ತಪ್ಪು

ಆರೋಗ್ಯ ಸಹಾಯಕರ ತರಬೇತಿಯನ್ನು ರೂಪಿಸುವವರು ತಮ್ಮ ಕರ್ತವ್ಯದಲ್ಲಿ ತಪ್ಪಿದ್ದಾರೆ. ರೋಗಿಯ ಮೈ ಮುಟ್ಟುವ ಕೆಲಸಕ್ಕೆ ಅವರು ಯುವಕ ಯುವತಿಯರನ್ನು ಕಳುಹಿಸುತ್ತಾರೆ. ಆ ರೋಗಿಯ ಎದುರು ಹೇಗೆ ಕೂರಬೇಕು, ಏನು ಕೇಳಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಕಲಿಸುವುದಿಲ್ಲ. ಹಿಂದೆ ಕಲಿಸುತ್ತಿದ್ದರು. ಅದನ್ನು ತೆಗೆದುಹಾಕಿದವರಿದ್ದಾರೆ, ಆ ಆದೇಶಕ್ಕೆ ಸಹಿ ಮಾಡಿದವರಿದ್ದಾರೆ. ಅವರು ಯಾರೆಂದು ನನಗೆ ತಿಳಿಯದು. ಆದರೆ ಅವರ ನಿರ್ಧಾರದಿಂದ ಏನು ಹಾಳಾಗುತ್ತದೆ ಎಂಬುದು ಚೆನ್ನಾಗಿ ತಿಳಿದಿದೆ. ಏಕೆಂದರೆ ಅದೇ ಅಜ್ಞಾನದಿಂದ ನಾನೇ ಒಬ್ಬ ಹೆಣ್ಣುಮಗಳ ಕೈಯನ್ನು ಅಪಾಯಕ್ಕೆ ತಳ್ಳಿದ್ದೇನೆ.

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಕುಷ್ಠರೋಗ ವಿಭಾಗದ ಅವೈದ್ಯಕೀಯ ಸಹಾಯಕನಾಗಿ ಕೆಲಸ ಆರಂಭಿಸಿ, ಆರೋಗ್ಯ ಸಹಾಯಕನಾಗಿ ನಿವೃತ್ತನಾದವನು. ಹುದ್ದೆಯ ಹೆಸರು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಮನೆಯಿಂದ ಮನೆಗೆ ನಡೆಯುವುದು, ಜನರ ಚರ್ಮ ನೋಡುವುದು, ಸ್ಪರ್ಶವಿಲ್ಲದ ಮಚ್ಚೆ ಕಂಡರೆ ವೈದ್ಯರಿಗೆ ತಿಳಿಸುವುದು, ತಿಂಗಳು ತಿಂಗಳು ಮಾತ್ರೆ ತಲುಪಿಸುವುದು, ಇಷ್ಟೇ ನಮ್ಮ ಕೆಲಸ. ನನ್ನ ಬಡ್ತಿಗಳ ಕಥೆಯಿಂದ ಯಾರಿಗೂ ಉಪಯೋಗವಿಲ್ಲ. ಈ ವೃತ್ತಿಗೆ ಹೊಸದಾಗಿ ಬರುವವರಿಗೆ ನನ್ನ ತಪ್ಪುಗಳು ಮತ್ತು ನನ್ನನ್ನು ತಿದ್ದಿದ ಒಬ್ಬ ಮೇಲ್ವಿಚಾರಕರ ರೀತಿ ತಿಳಿದರೆ ಸಾಕು.

ಅವರ ಹೆಸರು ರುದ್ರಪ್ಪ. ಹೊಳಲ್ಕೆರೆ ತಾಲ್ಲೂಕಿನವರು. ಹತ್ತನೇ ತರಗತಿಯವರೆಗೆ ಓದಿದ್ದರು. ನಾನಾದರೋ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ ಪದವಿ ಪಡೆದಿದ್ದೆ; ಮನುಷ್ಯನ ಮನಸ್ಸಿನ ಬಗ್ಗೆ ಈ ಮನುಷ್ಯ ನನಗೇನು ಹೇಳಿಕೊಟ್ಟಾರು ಎಂಬ ಭಾವನೆ ನನ್ನಲ್ಲಿತ್ತು. ಅವರಿಗೂ ಅದು ತಿಳಿದಿತ್ತು. ಮೊದಲ ದಿನದಿಂದಲೇ ನನ್ನನ್ನು ‘ಪ್ರೊಫೆಸರ್’ ಎಂದು ಕರೆಯತೊಡಗಿದರು.

ನನ್ನ ಮೊದಲ ಕ್ಷೇತ್ರ ಹಿರಿಯೂರು ತಾಲ್ಲೂಕಿನ ಧರ್ಮಪುರದ ಸುತ್ತಲಿನ ಹಳ್ಳಿಗಳು. ಮೊದಲ ಹಳ್ಳಿಯ ಕಟ್ಟೆಯ ಮುಂದೆ ಜನರನ್ನು ಸೇರಿಸಿ ಭಾಷಣ ಮಾಡಿದೆ. ಕುಷ್ಠ ಶಾಪವಲ್ಲ, ಪಾಪದ ಫಲವಲ್ಲ, ಅದೊಂದು ಸೂಕ್ಷ್ಮಜೀವಿಯಿಂದ ಬರುವ ರೋಗ, ಅಂಜದೆ ಮುಂದೆ ಬನ್ನಿ ಎಂದು ಅರ್ಧ ಗಂಟೆ ಮಾತನಾಡಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಕೊನೆಗೆ ಒಬ್ಬ ಹಿರಿಯರು ಎದ್ದು ನಿಂತು ಕೈಮುಗಿದರು.

“ಭಾಳ ಚೆನ್ನಾಗಿ ಹೇಳಿದ್ರಿ ಸಾಮಿ. ಆದ್ರೆ ನಮ್ಮೂರಾಗೆ ಅಂಥೋರು ಯಾರೂ ಇಲ್ಲ. ಪಕ್ಕದೂರಾಗೆ ಅವ್ರೆ. ಇಷ್ಟು ಚೆಂದಾಗಿ ಅಲ್ಲಿ ಹೋಗಿ ಹೇಳ್ರಿ.”

ಪಕ್ಕದ ಊರಿಗೆ ಹೋದೆ. ಅದೇ ಭಾಷಣ, ಅದೇ ಗಂಭೀರ ಮುಖಗಳು. ಅಲ್ಲಿಯ ಹಿರಿಯರು ನನ್ನನ್ನು ಮೊದಲಿನ ಊರಿಗೆ ಕಳುಹಿಸಿದರು. ಸಂಜೆ ಹಿರಿಯೂರಿನಲ್ಲಿ ಬಸ್ಸಿಳಿದಾಗ ರುದ್ರಪ್ಪನವರು ನಿಲ್ದಾಣದಲ್ಲೇ ಇದ್ದರು. ನಡೆದದ್ದನ್ನು ಹೇಳಿದೆ.

“ಏನಪ್ಪ ಪ್ರೊಫೆಸರ್, ಎರಡೂರಿನೋರೂ ಸೇರಿ ನಿನ್ನ ಬಸ್ಸು ಹತ್ತಿಸಿದ್ರಾ?” ಎಂದು ನಕ್ಕರು. “ನಾಳೆ ನಾನೂ ಬರ್ತೀನಿ. ಹೋಗಾಣ. ನೀನು ಮಾತ್ರ ಬಾಯಿ ಬಿಡಬ್ಯಾಡ.”

ಮರುದಿನ ಅದೇ ಹಳ್ಳಿಯ ಹೊಲವೊಂದರಲ್ಲಿ ಹತ್ತಾರು ಹೆಂಗಸರು ಕಿತ್ತ ಶೇಂಗಾ ಗಿಡದಿಂದ ಕಾಯಿ ಬಿಡಿಸುತ್ತಿದ್ದರು. ರುದ್ರಪ್ಪನವರು ಚಪ್ಪಲಿ ಬಿಟ್ಟು, ಅವರಿಂದ ನಾಲ್ಕು ಮಾರು ದೂರದಲ್ಲಿ ಕುಳಿತು, ತಾವೂ ಒಂದು ಹೊರೆ ಎಳೆದುಕೊಂಡು ಕಾಯಿ ಬಿಡಿಸತೊಡಗಿದರು. ನಾನೂ ಕುಳಿತೆ. ಮಳೆ, ಕಾಯಿಯ ಗಾತ್ರ, ಹಂದಿಯ ಕಾಟ ಎಲ್ಲ ಮಾತಾಯಿತು. ಬಿಸಿಲು ನೆತ್ತಿಗೇರಿದ ಮೇಲೆ ಅವರು ಮುಖ ಒರೆಸಿಕೊಳ್ಳುತ್ತ ಕೇಳಿದರು:

“ಏನ್ರವ್ವ, ಮೈಯೆಲ್ಲ ಬೆವರು, ಅದರ ಮ್ಯಾಲೆ ಧೂಳು. ಇಂಥ ಬಿಸಿಲಾಗೂ ಬೆವರೇ ಬಾರದಂಗೆ ಒಣಗಿರೋ ಜಾಗ ಯಾರ ಮೈಮ್ಯಾಲಾದ್ರೂ ಐತಾ?”

“ನಮ್ಮತ್ತೆ ಮನಸ್ಸೈತೆ ನೋಡ್ರಿ” ಎಂದಳು ಒಬ್ಬಾಕೆ, ತಲೆ ಎತ್ತದೆ. “ಅದರಾಗೆ ಒಂದು ಹನಿ ತೇವ ಇಲ್ಲ.”

“ಲೇ, ನಿಮ್ಮತ್ತೆ ಹಿಂದೇನೆ ಕುಂತವ್ಳೆ!” ಎಂದಳು ಇನ್ನೊಬ್ಬಾಕೆ. ಹೊಲವೆಲ್ಲ ನಗುವಾಯಿತು. ಆ ನಗು ಇಳಿಯುವಷ್ಟರಲ್ಲಿ ಅಂಚಿನಲ್ಲಿದ್ದ ಹೆಂಗಸೊಬ್ಬಳು ಮೊಣಕೈಯ ಮೇಲಿನ ಸೀರೆ ಸರಿಸಿದಳು. ವೀಳ್ಯದೆಲೆಯಷ್ಟು ಅಗಲದ, ಸುತ್ತಲಿಗಿಂತ ತಿಳಿಯಾದ ಮಚ್ಚೆ. ಇಡೀ ತೋಳು ಬೆವರಿನಿಂದ ಹೊಳೆಯುತ್ತಿದ್ದರೂ ಅದು ಒಣಗಿತ್ತು; ಕುಷ್ಠದ ಮಚ್ಚೆ ಬೆವರುವುದಿಲ್ಲ.

ಹಿಂದಿರುಗುವಾಗ ಅವರು ಹೇಳಿದ್ದು ಇಷ್ಟು: “ರೋಗ ಐತಾ ಅಂತ ಕೇಳಿದ್ರೆ ಅವರು ತಪ್ಪು ಒಪ್ಕೊಂಡಂಗೆ ಆಗ್ತದೆ. ಬೆವರು ಕೇಳಿದ್ರೆ ಯಾರ್ಗೂ ಅವಮಾನ ಇಲ್ಲ. ನೀನು ಕೇಳೋ ಮಾತಿಗೆ ಉತ್ತರ ಕೊಟ್ಟೋರು ಆಮೇಲೂ ಅದೇ ಊರಾಗೆ ಬಾಳ್ಬೇಕಪ್ಪ.”

ಅವರ ರೀತಿಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದವು. ಇಲಾಖೆಯ ಜೀಪಿನ ಮೇಲೆ ರೋಗದ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಅದು ಯಾರ ಮನೆಯ ಮುಂದೆ ನಿಂತರೂ ಆ ಮನೆಯ ಕಥೆ ಮುಗಿದಂತೆ. ಭರಮಸಾಗರಕ್ಕೆ ಹೋದಾಗ ರುದ್ರಪ್ಪನವರು ಜೀಪನ್ನು ಕೆರೆಯ ಏರಿಯ ಬಳಿಯೇ ನಿಲ್ಲಿಸಿ ನಡೆಯುತ್ತಿದ್ದರು. ಒಬ್ಬ ರೋಗಿಯನ್ನು ನೋಡಬೇಕಿದ್ದರೆ ಆ ಬೀದಿಯ ಎಲ್ಲ ಮನೆಗಳಿಗೂ ಹೋಗುತ್ತಿದ್ದರು. ಒಮ್ಮೆ ಮೇಲಿನಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅಲ್ಲಿಯ ಪೇಟೆಯಲ್ಲಿ ನಿಂತು, ರಿಜಿಸ್ಟರ್ ತೆರೆದು, ಕಿರಾಣಿ ಅಂಗಡಿಯವರೊಬ್ಬರ ಹೆಸರನ್ನು ಕೂಗಿ ಕರೆದುಬಿಟ್ಟರು. ಮರುದಿನದಿಂದ ಆ ಅಂಗಡಿಗೆ ಜನ ಬರಲಿಲ್ಲ. ಸಾಕಷ್ಟು ದಿನ ಚಿಕಿತ್ಸೆ ಪಡೆದಿದ್ದ ಅವರಿಂದ ಯಾರಿಗೂ ಸೋಂಕು ತಗಲುವಂತಿರಲಿಲ್ಲ. ರುದ್ರಪ್ಪನವರು ಯಾರಿಗೂ ಉಪನ್ಯಾಸ ಕೊಡಲಿಲ್ಲ. ಸಂತೆಯ ದಿನ ಬೆಳಿಗ್ಗೆ ಆ ಅಂಗಡಿಗೆ ಹೋಗಿ, ಬೆಲ್ಲ ಮತ್ತು ಹುರಿಗಡಲೆ ತೆಗೆದುಕೊಂಡು, ಅಂಗಡಿಯವರು ಕೈಯಾರೆ ಕೊಟ್ಟದ್ದನ್ನು ಅಲ್ಲೇ ಬಾಗಿಲಲ್ಲಿ ನಿಂತು ತಿಂದರು. ಮುಂದಿನ ಸಂತೆಗೂ ಹಾಗೆಯೇ ಮಾಡಿದರು, ಅದರ ಮುಂದಿನ ಸಂತೆಗೂ. ನಾಲ್ಕನೇ ಸಂತೆಯಲ್ಲಿ ಅವರಿಗೆ ನಿಲ್ಲಲು ಜಾಗವಿರಲಿಲ್ಲ. ಗಿರಾಕಿಗಳು ನಿಂತಿದ್ದರು. ಹೆಸರು ಕೂಗಿದ ಅಧಿಕಾರಿಯಿಂದ ವಿವರಣೆ ಕೇಳಿ ಪತ್ರ ಬರೆದವರೂ ರುದ್ರಪ್ಪನವರೇ. ಉತ್ತರ ಬರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ನಾನು ತಪ್ಪು ಮಾಡಿದೆ. ಅದು ನಡೆದದ್ದು ಹೊಸದುರ್ಗ ತಾಲ್ಲೂಕಿನ ಮತ್ತೋಡು ಹೋಬಳಿಯ ಒಂದು ಹಳ್ಳಿಯಲ್ಲಿ. ಒಂದೇ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿಸುತ್ತಿದ್ದ ಕಾಲ ಮುಗಿದು, ಕೆಲವು ಔಷಧಗಳನ್ನು ಕೂಡಿಸಿ ಕೊಡುವ ಹೊಸ ಚಿಕಿತ್ಸೆ ಬಂದಿತ್ತು. ರೋಗ ಗುಣವಾಗುತ್ತದೆ ಎಂದು ಎದೆತಟ್ಟಿ ಹೇಳಬಹುದಾಗಿತ್ತು. ಬೇಗ ಪತ್ತೆ ಹಚ್ಚುವುದೊಂದೇ ನಮ್ಮ ಮೇಲಿದ್ದ ಹೊಣೆ.

ಅಲ್ಲಿ ಕಂಬಳಿ ನೇಯುವ ಕುರುಬರ ಮನೆಯೊಂದಿತ್ತು. ಯಜಮಾನಿ ಕೆಂಚಮ್ಮ, ಸೊಸೆ ಮಾಳಮ್ಮ, ಇಪ್ಪತ್ತೆರಡು ವರ್ಷದವಳಿರಬೇಕು. ಮಾಳಮ್ಮನ ಗಂಡ ಕುರಿ ಮಂದೆಯೊಂದಿಗೆ ಗದ್ದೆ ಸೀಮೆಗೆ ಹೋಗಿದ್ದ. ಅಂಗಳದಲ್ಲಿ ಮಗ್ಗಕ್ಕೆ ಏರಿಸುವ ಉಣ್ಣೆಯ ನೂಲನ್ನು ಉದ್ದಕ್ಕೆ ಬಿಗಿದಿದ್ದರು. ನೂಲು ಗಟ್ಟಿಯಾಗಲೆಂದು ಅದಕ್ಕೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ಒಲೆಯ ಮೇಲೆ ಆ ಗಂಜಿ ಕುದಿಯುತ್ತಿತ್ತು. ಮಾಳಮ್ಮ ಬೋಗುಣಿಗೆ ತೋಡಿಕೊಂಡ ಬಿಸಿ ಗಂಜಿಯ ಗಂಟುಗಳನ್ನು ಕೈಯಿಂದಲೇ ಹಿಸುಕಿ ತೆಗೆಯುತ್ತಿದ್ದಳು.

“ನೋಡ್ರಿ ನಮ್ಮ ಸೊಸಿನ” ಎಂದರು ಕೆಂಚಮ್ಮ, ಹೆಮ್ಮೆಯಿಂದ. “ನಮ್ಮ ಕೇರಿಯಾಗೆ ಇಂಥ ಗಟ್ಟಿ ಕೈ ಇನ್ನೊಂದಿಲ್ಲ. ಕುದಿಯೋ ಗಂಜಿಗೆ ಕೈ ಹಾಕಿದ್ರೂ ಹಾ ಅನ್ನಲ್ಲ. ನಾನಾದ್ರೆ ಊರು ಒಂದು ಮಾಡ್ತಿದ್ದೆ.”

ನಾನು ನಕ್ಕೆ. “ಒಳ್ಳೆ ಸೊಸೆ ಸಿಕ್ಕವ್ಳೆ ಬಿಡ್ರಿ ಅಜ್ಜಿ” ಎಂದೆ. ಮಾಳಮ್ಮನೂ ನಾಚಿ ನಕ್ಕಳು. ನಂತರ ಪೆನ್ನಿನ ತುದಿಯಿಂದ ಅವಳ ಕೈಯನ್ನು ಎರಡು ಮೂರು ಕಡೆ ಮುಟ್ಟಿ, “ಗೊತ್ತಾಗುತ್ತಾ?” ಎಂದು ಕೇಳಿದೆ.

“ಹೂಂ” ಎಂದಳು.

ಕಣ್ಣು ಮುಚ್ಚಿಸಲಿಲ್ಲ. ಮುಟ್ಟಿದ ಜಾಗವನ್ನು ಬೆರಳಿಂದ ತೋರಿಸಲು ಹೇಳಲಿಲ್ಲ. ಇನ್ನೂ ಹಲವು ಮನೆಗಳು ಬಾಕಿಯಿದ್ದವು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಸಹಜ’ ಎಂದು ಬರೆದು ಎದ್ದೆ.

ನಾಲ್ಕು ತಿಂಗಳ ನಂತರ ಹೊಸದುರ್ಗದಲ್ಲಿ ಮಾಸಿಕ ಸಭೆ. ಊಟದ ಹೊತ್ತಿನಲ್ಲಿ ಒಬ್ಬೊಬ್ಬರು ತಮ್ಮ ಕ್ಷೇತ್ರದ ತಮಾಷೆಗಳನ್ನು ಹೇಳುತ್ತಿದ್ದರು. ನಾನೂ ಕುದಿಯುವ ಗಂಜಿಗೆ ಕೈ ಹಾಕುವ ಸೊಸೆಯ ಕಥೆಯನ್ನು ರಂಜಕವಾಗಿ ಹೇಳಿದೆ. ಎಲ್ಲರೂ ನಕ್ಕರು. ರುದ್ರಪ್ಪನವರು ಮಾತ್ರ ಮುದ್ದೆ ಮುರಿಯುತ್ತಿದ್ದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿದರು.

“ಏನಪ್ಪ, ಇದನ್ನ ನಗೋಕೆ ಹೇಳಿದ್ಯಾ?”

ನನಗೆ ಆಗಲೂ ಅರ್ಥವಾಗಲಿಲ್ಲ.

“ಸುಡೋ ಗಂಜಿ ಸುಡ್ಲಿಲ್ಲ ಅಂದ್ರೆ ಆ ಕೈಗೆ ಏನಾಗಿರಬೇಕು? ಎಷ್ಟು ದಿನ ಆಯ್ತು ನೋಡಿ?”

ಹೇಳಿದೆ. ನರಕ್ಕೆ ಹಾನಿಯಾದ ಮೇಲೆ ಸ್ಪರ್ಶವನ್ನೂ ಬಲವನ್ನೂ ಮರಳಿ ಪಡೆಯಲು ಕೆಲವೇ ತಿಂಗಳ ಅವಕಾಶವಿರುತ್ತದೆ ಎಂಬುದು ಇಬ್ಬರಿಗೂ ತಿಳಿದಿತ್ತು. ಅವರು ಕೈ ತೊಳೆದುಕೊಂಡು ಬಂದರು. “ನಾಳೆ ಮೊದಲ ಬಸ್ಸಿಗೆ ಹೋಗಾಣ” ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ನಾವು ಹೋದಾಗ ಮಾಳಮ್ಮ ಅಂಗಳ ಗುಡಿಸುತ್ತಿದ್ದಳು. ಪೊರಕೆ ಹಿಡಿದ ಬಲಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಒಳಕ್ಕೆ ಬಾಗಿದ್ದುದು ಬಾಗಿಲಿನಿಂದಲೇ ಕಂಡಿತು. ಅಂಗೈಯಂಚಿನಲ್ಲಿ ಒಡೆದ ಬೊಬ್ಬೆಯ ಗುರುತಿತ್ತು. ರುದ್ರಪ್ಪನವರು ಅತ್ತ ನೋಡಿಯೂ ನೋಡದವರಂತೆ ಕೆಂಚಮ್ಮನವರನ್ನು ಮಾತನಾಡಿಸಿದರು. ಕೆಂಚಮ್ಮ ಕಂಬಳಿ ಹಾಸಿದರು. “ಕುಂತ್ಕಳ್ರಿ ಸಾಮಿ” ಎಂದರು.

“ಮನೇರ್ನೆಲ್ಲ ಇನ್ನೊಂದ್ಸಲ ನೋಡಾಣ ಅಂತ ಬಂದ್ವಿ ಅಜ್ಜಿ. ಮೊದಲು ನೀವೇ ಕುಂತ್ಕಳ್ರಿ. ಕಣ್ಣು ಮುಚ್ರಿ. ನಾನು ಮುಟ್ಟಿದ ಜಾಗಾನ ಇನ್ನೊಂದು ಕೈ ಬೆರಳಿಂದ ತೋರಿಸ್ರಿ.”

ಕೆಂಚಮ್ಮ ಮಗುವಿನಂತೆ ಕಣ್ಣು ಬಿಗಿಯಾಗಿ ಮುಚ್ಚಿದರು. ಮುಟ್ಟಿದಲ್ಲೆಲ್ಲ ತಕ್ಷಣ ತೋರಿಸಿದರು. “ಕಚಗುಳಿ ಇಡಬ್ಯಾಡ್ರಿ ಸಾಮಿ, ವಯಸ್ಸಾದೋಳು ನಾನು” ಎಂದು ನಕ್ಕರು. ನಂತರ ಮಾಳಮ್ಮ ಕುಳಿತಳು. ಕಣ್ಣು ಮುಚ್ಚಿ ಬಲಗೈ ಚಾಚಿದಳು. ರುದ್ರಪ್ಪನವರು ಕಿರುಬೆರಳ ತುದಿಯನ್ನು ಮುಟ್ಟಿದರು. ಅವಳು ಕದಲಲಿಲ್ಲ. ಬೆರಳ ಬುಡವನ್ನು ಮುಟ್ಟಿದರು. ಅಂಗೈಯಂಚನ್ನು ಮುಟ್ಟಿದರು. ಐದು ಸಲ, ಆರು ಸಲ. ಅತ್ತೆ ನೋಡುತ್ತಲೇ ಇದ್ದರು.

ಮಾಳಮ್ಮ ಕಣ್ಣು ತೆರೆಯದೆ ಕೇಳಿದಳು: “ಶುರು ಮಾಡ್ರಿ ಸಾಮಿ. ಎಷ್ಟೊತ್ತು ಹಿಂಗೆ ಕುಂತ್ಕಳ್ಳಿ?”

ಸಮಾಧಾನದ ಮಾತುಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿದ್ದವು. ಬಾಯಿ ತೆರೆಯುವಷ್ಟರಲ್ಲಿ ರುದ್ರಪ್ಪನವರು ನನ್ನ ಮೊಣಕಾಲನ್ನು ಒತ್ತಿ ಹಿಡಿದರು. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಒಂದು ತೀರ್ಮಾನ ಆಗಬೇಕಿತ್ತು. ಮಾಳಮ್ಮ ಅಲ್ಲೇ ಉಳಿಯುತ್ತಾಳೋ, ತವರಿನ ದಾರಿ ಹಿಡಿಯುತ್ತಾಳೋ ಎಂಬ ತೀರ್ಮಾನ. ಅದನ್ನು ಮಾಡಬೇಕಾದವರು ಕೆಂಚಮ್ಮ. ಅವರು ಸೊಸೆಯ ಕೈಯನ್ನೂ ಒಲೆಯ ಮೇಲಿದ್ದ ಗಂಜಿಯ ಪಾತ್ರೆಯನ್ನೂ ನೋಡಿದರು.

“ಹಂಗಾರೆ ಗಂಜಿ ಸುಡ್ತಿದ್ದದ್ದು ಇವಳಿಗೆ ಗೊತ್ತೇ ಆಗ್ತಿರ್ಲಿಲ್ವಾ?” ಎಂದರು ನಿಧಾನವಾಗಿ. “ನಾನೇ ಹಾಕಿಸ್ತಿದ್ನಲ್ಲ ಸಾಮಿ. ಬಂದೋರ್ಗೆಲ್ಲ ಕರೆದು ತೋರಿಸ್ತಿದ್ನಲ್ಲ.” ಆಮೇಲೆ ಕೇಳಿದರು: “ಇದು ಅದೇನಾ?”

“ಅದೇ ಅಜ್ಜಿ” ಎಂದರು ರುದ್ರಪ್ಪ. ಸುತ್ತಿ ಬಳಸಲಿಲ್ಲ. “ವಾಸಿ ಆಗ್ತದೆ. ರೋಗ ವಾಸಿ ಮಾಡೋದು ಮಾತ್ರೆ. ಬೆರಳು ಉಳಿಸೋಕೆ ನೀವು ಬೇಕು. ನನ್ನ ಕೈಲಿ ದಿನಾ ಬರೋಕಾಗಲ್ಲ.”

“ಏನ್ ಮಾಡ್ಬೇಕು ಹೇಳ್ರಿ.”

ಅವರು ಕೆಂಚಮ್ಮನವರಿಗೆ ಕೆಲಸ ಹಚ್ಚಿದರು. ಪ್ರತಿ ಸಂಜೆ ಸೊಸೆಯ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ಬೊಬ್ಬೆ, ಗಾಯ ಹುಡುಕಬೇಕು. ನೀರಲ್ಲಿ ನೆನೆಸಿ ಎಣ್ಣೆ ಹಚ್ಚಿ, ಬಾಗಿದ ಬೆರಳುಗಳನ್ನು ಮೆಲ್ಲಗೆ ನೀವಿ ನೇರಮಾಡಬೇಕು. ಗಂಜಿಗೆ ಮರದ ಸೌಟು. ಹೆಂಚು ಮುಟ್ಟುವಾಗ ಬಟ್ಟೆ. ಯಾರು ದೂರ ತಳ್ಳಬಹುದೆಂದು ನಾನು ಹೆದರಿದ್ದೆನೋ ಅವರ ಕೈಗೇ ಆ ಹುಡುಗಿಯ ಕೈಯನ್ನು ಒಪ್ಪಿಸಿದರು. ಮೂರು ವರ್ಷ ಓದಿದ ಮನಃಶಾಸ್ತ್ರದಲ್ಲಿ ಇಷ್ಟು ಧೈರ್ಯದ ಪಾಠವನ್ನು ನಾನು ಕಂಡಿರಲಿಲ್ಲ. “ನನ್ನ ಮಗ ಮಂದೆಯಿಂದ ಬಂದ್ರೆ ನಾನೇ ಹೇಳ್ತೀನಿ” ಎಂದರು ಕೆಂಚಮ್ಮ. “ಅವನೇನಾದ್ರೂ ಅಂದ್ರೆ ಅವನ್ನೇ ಮಂದೆಗೆ ಅಟ್ತೀನಿ.”

ಹೊರಡುವ ಮುನ್ನ ರುದ್ರಪ್ಪನವರು ನನ್ನತ್ತ ತಿರುಗಿ, “ಈಗ ನೀನು ಮಾತಾಡು” ಎಂದರು. ಏನು ಎಂದು ಹೇಳುವ ಅಗತ್ಯವಿರಲಿಲ್ಲ. ನಾನು ಮಾಳಮ್ಮನ ಎದುರು ಕುಳಿತು, ಹೋದ ಸಲ ಸರಿಯಾಗಿ ಪರೀಕ್ಷೆ ಮಾಡಿದ್ದರೆ ಬೆರಳು ಬಾಗುತ್ತಿರಲಿಲ್ಲ, ತಪ್ಪು ನನ್ನದು ಎಂದೆ.

“ನಂದೂ ಐತೆ ಸಾಮಿ” ಎಂದಳು ಅವಳು. “ಗೊತ್ತಾಗುತ್ತಾ ಅಂತ ಕೇಳಿದ್ರಿ. ಅಷ್ಟು ದೂರದಿಂದ ಬಂದೀರಿ, ಇಲ್ಲ ಅಂದ್ರೆ ನಿಮಗೆ ಬೇಜಾರಾಗ್ತದೇನೋ ಅಂತ ಹೂಂ ಅಂದೆ.”

ಹೊಸಬರೇ, ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಜನ ಮನೆಗೆ ಬಂದವರಿಗೆ ಇಲ್ಲ ಎನ್ನಲು ಹಿಂಜರಿಯುತ್ತಾರೆ. ಸರ್ಕಾರದ ಚೀಲ ಹೊತ್ತು ಬಂದವರಿಗಂತೂ ಇನ್ನಷ್ಟು. ಮಾತ್ರೆ ನುಂಗಿದಿರಾ ಎಂದರೆ ಹೂಂ. ಅರ್ಥವಾಯಿತಾ ಎಂದರೆ ಹೂಂ. ಆ ಹೂಂ ನಿಮಗೆ ಸಲ್ಲಿಸಿದ ಮರ್ಯಾದೆ. ಅದನ್ನು ಉತ್ತರವೆಂದು ಬರೆದುಕೊಂಡರೆ ಅಪರಾಧ ನಿಮ್ಮದು. ಅಂದಿನಿಂದ ನಾನು ಹೂಂ ಎಂಬ ಉತ್ತರ ಸಾಕಾಗುವ ಪ್ರಶ್ನೆಯನ್ನು ಯಾವ ರೋಗಿಗೂ ಕೇಳಲಿಲ್ಲ. “ಯಾವ ಬಣ್ಣದ ಮಾತ್ರೆ ನುಂಗಿದ್ರಿ? ಯಾವಾಗ? ಉಳಿದದ್ದು ತೋರಿಸ್ರಿ” ಎನ್ನುತ್ತಿದ್ದೆ. ಮಾಳಮ್ಮನಿಗೆ ಹೊಸ ಔಷಧದ ಮೊದಲ ಪೊಟ್ಟಣ ಕೊಟ್ಟ ದಿನ, ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಔಷಧದ ಬಣ್ಣ ಎಂದು ಹೇಳಿ, “ನಾಳೆ ಕೆಂಪಗಾದ್ರೆ ನಿಮ್ಮತ್ತೆಗೆ ಏನಂತ ಹೇಳ್ತೀಯ?” ಎಂದು ಕೇಳಿದೆ. ಅವಳು ತನ್ನದೇ ಮಾತಿನಲ್ಲಿ ಹೇಳಿದಳು. ಆಗ ಎದ್ದೆ.

ಹೊಸದುರ್ಗದ ವೈದ್ಯರು ನರದ ಊತ ಇಳಿಸುವ ಮಾತ್ರೆಯನ್ನೂ ಕೊಟ್ಟರು. ತಿಂಗಳುಗಳು ಕಳೆದಂತೆ ಉಂಗುರದ ಬೆರಳು ನೇರವಾಯಿತು. ಅಂಗೈಯಂಚಿಗೆ ಸ್ವಲ್ಪ ಸ್ಪರ್ಶ ಮರಳಿತು. ರೋಗ ಪೂರ್ತಿ ವಾಸಿಯಾಯಿತು. ಕಿರುಬೆರಳು ಬಾಗಿಯೇ ಉಳಿಯಿತು. ಮಾಳಮ್ಮ ನೂಲು ತೆಗೆಯುತ್ತಾಳೆ, ಸಂಸಾರ ನಡೆಸುತ್ತಾಳೆ, ಈಗ ಅವಳೂ ಅತ್ತೆ. ಆ ಬೆರಳು ಮಾತ್ರ ನಾನು ಹಾಳುಮಾಡಿದ ನಾಲ್ಕು ತಿಂಗಳಿನ ಗುರುತು.

ಆ ವರ್ಷದಿಂದ ರುದ್ರಪ್ಪನವರು ಒಂದು ಪದ್ಧತಿ ಆರಂಭಿಸಿದರು. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರೂ ಮೊದಲ ಹದಿನೈದು ದಿನ ರಿಜಿಸ್ಟರ್ ಮುಟ್ಟುವಂತಿರಲಿಲ್ಲ. ಅನುಭವಸ್ಥರೊಬ್ಬರ ಜೊತೆ ಹೋಗಿ, ಕೂತು, ಕೇಳಿ, ಬಂದು ವರದಿ ಒಪ್ಪಿಸಬೇಕು: ಇಂದು ರೋಗಿ ಏನು ಹೇಳಿದರು, ಏನನ್ನು ಹೇಳದೆ ಬಿಟ್ಟರು, ಮನೆಯವರು ಯಾವುದನ್ನು ಹೊಗಳಿದರು. ಕೊನೆಯ ಪ್ರಶ್ನೆ ಕೇಳಿ ಹೊಸಬರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಗ ಅವರು ನನ್ನತ್ತ ಕೈ ತೋರಿಸುತ್ತಿದ್ದರು. ಪ್ರತಿ ತಂಡಕ್ಕೂ ನನ್ನ ತಪ್ಪನ್ನು ನಾನೇ ಹೇಳಬೇಕಿತ್ತು. ಅವರ ನಿವೃತ್ತಿಯ ನಂತರವೂ ಈ ಪಾಠ ನಡೆಯಿತು; ನಮ್ಮ ವಿಭಾಗವನ್ನು ಸಾಮಾನ್ಯ ಆರೋಗ್ಯ ಸೇವೆಯೊಂದಿಗೆ ಸೇರಿಸಿದ ಮೇಲೂ ಕೆಲವು ವರ್ಷ ನಡೆಯಿತು. ಮುಂದೆ ಒಂದು ದಿನ, ಸಮಯದ ಅಭಾವ ಎಂಬ ಕಾರಣ ಕೊಟ್ಟು ನಿಲ್ಲಿಸಲಾಯಿತು.

ಕಳೆದ ತಿಂಗಳು ಹೊಳಲ್ಕೆರೆಯಿಂದ ಸವಿತಾ ಎಂಬ ಹುಡುಗಿ ನನ್ನ ಮನೆಗೆ ಬಂದಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವಳು. ಅವಳಿಗೆ ಸಿಕ್ಕಿದ್ದು ಒಂದು ದಿನದ ತರಬೇತಿ, ಒಂದು ಚಿತ್ರಪಟ, ತುಂಬಬೇಕಾದ ಒಂದು ನಮೂನೆ. ನಮೂನೆಯನ್ನು ನನ್ನ ಮುಂದೆ ಹಿಡಿದಳು. ‘ಸ್ಪರ್ಶ ತಿಳಿಯುತ್ತದೆಯೇ? ಹೌದು / ಇಲ್ಲ.’

“ಎಲ್ರೂ ಹೌದು ಅಂತಾರೆ ಸರ್” ಎಂದಳು. “ಒಬ್ರಾದ್ರೂ ಇಲ್ಲ ಅನ್ಬೇಕಲ್ವಾ? ನನಗ್ಯಾಕೋ ಅನುಮಾನ. ಮೇಲಿನೋರನ್ನ ಕೇಳಿದ್ರೆ, ಅಲ್ಲಿರೋದನ್ನಷ್ಟೇ ಕೇಳಮ್ಮ ಅಂದ್ರು.”

ಯಾರೂ ಕಲಿಸದೆಯೇ ಅನುಮಾನಪಟ್ಟ ಆ ಹುಡುಗಿಯ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿತು. ನಾನು ಪದವಿ ಹೊತ್ತುಕೊಂಡೂ ಪಡದಿದ್ದ ಅನುಮಾನ ಅದು. ಆದರೆ ಒಂದು ಜಿಲ್ಲೆಯ ಜನರ ಕೈಕಾಲುಗಳು ಸವಿತಾಳಂಥವರ ಸ್ವಂತ ಬುದ್ಧಿಯ ಮೇಲೆ ನಿಲ್ಲಬೇಕೆ? ತರಬೇತಿ ರೂಪಿಸಿದವರೇ, ನಾನು ಅವಸರದಲ್ಲಿ ಮಾಡಿದ ತಪ್ಪನ್ನು ನೀವು ಅಚ್ಚು ಹಾಕಿಸಿ ಹಂಚಿದ್ದೀರಿ.

ಆದ್ದರಿಂದ ಈ ತರಬೇತಿಯ ಮತ್ತು ಈ ನಮೂನೆಯ ಹೊಣೆ ಹೊತ್ತಿರುವವರಲ್ಲಿ ನನ್ನ ಕೋರಿಕೆ ಹೀಗಿದೆ. ರೋಗಿಯೊಂದಿಗೆ ಮಾತನಾಡುವ ಕ್ಷೇತ್ರಪಾಠವನ್ನು ಯಾವ ಪರಿಶೀಲನೆಯ ಆಧಾರದ ಮೇಲೆ ನಿಲ್ಲಿಸಲಾಯಿತು, ಆ ನಿರ್ಧಾರ ಯಾರದು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಹೌದು ಅಥವಾ ಇಲ್ಲ ಎಂಬ ಆ ಸಾಲನ್ನು ತೆಗೆದು, ಕಣ್ಣು ಮುಚ್ಚಿಸಿ ಬೆರಳಿಂದ ತೋರಿಸುವ ಪರೀಕ್ಷೆಯನ್ನು ಕಡ್ಡಾಯಗೊಳಿಸಬೇಕು. ಹೊಸಬರಿಗೆ ಹದಿನೈದು ದಿನ ಅನುಭವಸ್ಥರ ಜೊತೆ ಕೂರುವ ಅವಕಾಶವನ್ನು ಮರಳಿ ಕೊಡಬೇಕು; ಕಲಿಸಲು ಯಾರೂ ಇಲ್ಲವೆಂದಾದರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನನ್ನಂಥ ನಿವೃತ್ತರಿದ್ದೇವೆ, ಇನ್ನೂ ನಡೆಯಬಲ್ಲೆವು, ಕರೆದರೆ ಬರುತ್ತೇವೆ. ಸವಿತಾ ಬರುವ ಸೋಮವಾರ ಅದೇ ನಮೂನೆ ಹಿಡಿದು ಮತ್ತೆ ಮನೆಗಳಿಗೆ ಹೊರಡುತ್ತಾಳೆ. ತಮ್ಮ ಉತ್ತರ ಅದಕ್ಕೂ ಮೊದಲು ಬರಬೇಕು.